‘ಹೊರಗಡೆ ತಗೊಳ್ಳಿ’ ಎನ್ನುವ ಚೀಟಿ

2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿ ನಡೆಯುತ್ತಿರುವ, ಕೇಂದ್ರ ಸರ್ಕಾರದ ಯೋಜನೆಯ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕು ಎಂಬುದು ಅದರ ತಿರುಳು. ಸರ್ಕಾರಿ ಆಸ್ಪತ್ರೆಗೆ ಬಂದವರಿಗೆ ಔಷಧ ಪುಕ್ಕಟೆಯಾಗಿ ಸಿಗಬೇಕು, ಹಾಗಿರುವಾಗ ಅದೇ ಕಾಂಪೌಂಡಿನೊಳಗೆ ದುಡ್ಡು ಪಡೆದು ಔಷಧ ಮಾರುವ ಅಂಗಡಿ ಏಕೆ ಎಂಬುದು ಸರ್ಕಾರ ಕೊಟ್ಟ ಕಾರಣ. ಬಡವರಿಗೆ ಅಗ್ಗದಲ್ಲಿ ಸಿಗುತ್ತಿದ್ದ ಮಾತ್ರೆಯನ್ನೂ ಕಿತ್ತುಕೊಂಡರು ಎಂದು ವಿರೋಧ ಪಕ್ಷದವರು ಕೂಗೆಬ್ಬಿಸಿದರು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ಟಿವಿ ಚರ್ಚೆಗಳು ಎಂದಿನಂತೆ ಕೇಂದ್ರ-ರಾಜ್ಯಗಳ ಜಗಳವಾಗಿ ಮುಗಿದವು. ಈ ಗದ್ದಲದಲ್ಲಿ ಎರಡೂ ಕಡೆಯವರು ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಿದ್ದ ಸಂಗತಿ ಒಂದಿತ್ತು. ಆಸ್ಪತ್ರೆಯ ಒಳಗಿನ ಕಿಟಕಿಯಲ್ಲಿ ಔಷಧ ಸಿಗುವಂತಿದ್ದರೆ ಆ ಅಂಗಡಿಗೆ ಗಿರಾಕಿಗಳೇ ಇರುತ್ತಿರಲಿಲ್ಲ, ಅದನ್ನು ಮುಚ್ಚಲು ಆದೇಶವೂ ಬೇಕಾಗುತ್ತಿರಲಿಲ್ಲ. ಅಂಗಡಿ ನಡೆಯುತ್ತಿದ್ದುದೇ ಒಳಗೆ ಔಷಧ ಸಿಗುತ್ತಿಲ್ಲ ಎಂಬುದಕ್ಕೆ ಸಾಕ್ಷಿ. ಸಾಕ್ಷಿಯನ್ನು ಹೊರಹಾಕಿದರೆ ಕೇಸು ಮುಗಿಯುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳು ಉದ್ಧಾರವಾಗುವುದು ಯಾವಾಗ, ಅದಕ್ಕೆ ದಾರಿಯೇನು ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಸಾಮಾನ್ಯವಾಗಿ ಸಿಗುವ ಉತ್ತರಗಳು ಎಲ್ಲರಿಗೂ ಬಾಯಿಪಾಠ. ಅನುದಾನ ಹೆಚ್ಚಿಸಿ, ವೈದ್ಯರನ್ನು ನೇಮಿಸಿ, ಜಿಲ್ಲೆಗೊಂದು ಮೆಡಿಕಲ್ ಕಾಲೇಜು ಕಟ್ಟಿ, ಇಲ್ಲವೇ ಎಲ್ಲರಿಗೂ ವಿಮೆ ಮಾಡಿಸಿ ಖಾಸಗಿಯವರ ಕೈಗೆ ಬಿಟ್ಟುಬಿಡಿ. ಇವುಗಳಲ್ಲಿ ಕೊನೆಯದನ್ನು ಬಿಟ್ಟರೆ ಉಳಿದ ಯಾವುದಕ್ಕೂ ನನ್ನ ತಕರಾರಿಲ್ಲ. ನನ್ನ ಮಾತು ಮೊದಲು ಯಾವುದು ಎಂಬುದರ ಬಗ್ಗೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾಸ್ಪತ್ರೆಯವರೆಗೆ, ವೈದ್ಯರು ಬರೆದ ಔಷಧ ಅದೇ ಕಟ್ಟಡದಲ್ಲಿ, ಅದೇ ದಿನ, ವರ್ಷದ ಯಾವ ತಿಂಗಳಲ್ಲಾದರೂ ಕೈಗೆ ಸಿಗುವಂತೆ ಮಾಡುವುದು ಮೊದಲ ರಿಪೇರಿ. ಇದನ್ನು ಮಾಡದೆ ಉಳಿದದ್ದನ್ನು ಮಾಡಿದರೆ ಫಲ ಅರ್ಧಕ್ಕಿಂತ ಕಡಿಮೆ. ಇದನ್ನು ಮಾಡಿದರೆ ಉಳಿದ ಕೆಲಸಗಳಿಗೂ ಒಂದು ಆಧಾರ ಸಿಗುತ್ತದೆ.

ಜನರ ದುಡ್ಡು ಹೋಗುತ್ತಿರುವುದು ಎಲ್ಲಿಗೆ ಎಂದು ನೋಡಿದರೆ ಈ ಮಾತಿನ ಹುರುಳು ಗೊತ್ತಾಗುತ್ತದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಟ್ಟ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರ ಹೊತ್ತಿಗೆ ಶೇ 39.4ಕ್ಕೆ ಇಳಿದಿದೆ. ಇಳಿಕೆ ಒಳ್ಳೆಯದೇ. ಆದರೂ ನೂರು ರೂಪಾಯಿಯಲ್ಲಿ ಹತ್ತಿರ ಹತ್ತಿರ ನಲವತ್ತನ್ನು ಕಾಯಿಲೆ ಬಿದ್ದವನೇ ಹೊಂದಿಸಬೇಕು. ಈ ಖರ್ಚಿನ ದೊಡ್ಡ ಭಾಗ ಶಸ್ತ್ರಚಿಕಿತ್ಸೆಯದ್ದಲ್ಲ, ಔಷಧದ್ದು. 2011-12ರ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು ಭಾರತೀಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆರೋಗ್ಯ ವೆಚ್ಚದಿಂದಾಗಿ ಆ ಒಂದು ವರ್ಷದಲ್ಲಿ ಸುಮಾರು 5.5 ಕೋಟಿ ಜನ ಬಡತನದ ರೇಖೆಗಿಂತ ಕೆಳಕ್ಕೆ ಜಾರಿದರು, ಅವರಲ್ಲಿ 3.8 ಕೋಟಿ ಜನರನ್ನು ಜಾರಿಸಲು ಔಷಧದ ಖರ್ಚೊಂದೇ ಸಾಕಾಗಿತ್ತು ಎಂದು ಅಂದಾಜು ಮಾಡಿತು. ಇನ್ನೊಂದು ಲೆಕ್ಕ ನೋಡಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಹೆರಿಗೆ ಬಿಟ್ಟು ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದವರ ಸರಾಸರಿ ವೈದ್ಯಕೀಯ ವೆಚ್ಚ ಖಾಸಗಿಯಲ್ಲಿ 31,845 ರೂಪಾಯಿ, ಸರ್ಕಾರಿಯಲ್ಲಿ 4,452 ರೂಪಾಯಿ. ಈ ಎರಡರ ನಡುವಿನ ಅಂತರವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಕೇಳಬೇಕಾದದ್ದು ಮಾತ್ರ ಬೇರೆ: ಹಾಸಿಗೆಯೂ ವೈದ್ಯರೂ ಬಹುಪಾಲು ಪುಕ್ಕಟೆ ಎನ್ನುವ ಕಡೆ 4,452 ರೂಪಾಯಿ ಖರ್ಚಾದದ್ದು ಯಾವುದಕ್ಕೆ? ಬಹುಪಾಲು ಹೊರಗಿನ ಮೆಡಿಕಲ್ ಸ್ಟೋರಿಗೆ, ಹೊರಗಿನ ಲ್ಯಾಬಿಗೆ.

ಕಾಯಿಲೆಗಳ ಸ್ವರೂಪ ಬದಲಾಗಿರುವುದು ಈ ಸಮಸ್ಯೆಯನ್ನು ಇನ್ನಷ್ಟು ಬಿಗಿ ಮಾಡಿದೆ. ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಎಂಬ ಕಲ್ಪನೆ ಗಟ್ಟಿಯಾದದ್ದು 1946ರ ಭೋರ್ ಸಮಿತಿ ವರದಿಯಿಂದ. ಆಗಿನ ಶತ್ರುಗಳು ಮಲೇರಿಯಾ, ಕಾಲರಾ, ಸಿಡುಬು, ಹೆರಿಗೆಯ ಸಾವು. ಒಂದು ಇಂಜೆಕ್ಷನ್, ಒಂದು ಲಸಿಕೆ, ಒಂದು ವಾರದ ಗುಳಿಗೆಯಿಂದ ಎದುರಿಸುವಂಥವು. ಈಗ ಪಿಎಚ್‌ಸಿಯ ಬೆಂಚಿನ ಮೇಲೆ ಕೂತವರಲ್ಲಿ ಎಷ್ಟೋ ಜನಕ್ಕೆ ಬಿಪಿ, ಶುಗರ್. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತದೊತ್ತಡ ಹೆಚ್ಚಿದೆ, ಇಲ್ಲವೇ ಅದಕ್ಕೆ ಮಾತ್ರೆ ನುಂಗುತ್ತಿದ್ದಾರೆ. ಈ ಕಾಯಿಲೆಗಳಿಗೆ ಬೇಕಾದದ್ದು ದೊಡ್ಡ ವೈದ್ಯರಲ್ಲ, ಬಿಟ್ಟೂಬಿಡದೆ ಸಿಗುವ ಸಣ್ಣ ಮಾತ್ರೆ. ಕೂಲಿಗೆ ಹೋಗುವ ಹೆಂಗಸೊಬ್ಬಳು ಮಾತ್ರೆಗೆಂದು ಪಿಎಚ್‌ಸಿಗೆ ಬಂದರೆ ಅರ್ಧ ದಿನದ ಕೂಲಿ ಹೋಯಿತು. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿದಿರಬಹುದು, ಹೊತ್ತು ಉಳಿಯುವುದಿಲ್ಲ. ಒಂದು ಸಲ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಅಂದರೆ ಆಕೆ ಬಂದಾಳು. ಇನ್ನೊಂದು ಸಲ ಹದಿನೈದು ದಿನಕ್ಕಾಗುವಷ್ಟೇ ಕೊಟ್ಟು ಕಳಿಸಿದರೆ ಬೇಸರಪಟ್ಟುಕೊಂಡಾದರೂ ಒಪ್ಪಿಯಾಳು. ಮೂರನೆಯ ಸಲಕ್ಕೆ ಬರುವುದನ್ನೇ ಬಿಡುತ್ತಾಳೆ. ಮೈಯಲ್ಲಿ ನೋವಿಲ್ಲ, ತಲೆ ಸುತ್ತಿಲ್ಲ, ಮಾತ್ರೆ ಬಿಟ್ಟರೂ ನಾಳೆ ಬೆಳಿಗ್ಗೆ ಏಳುತ್ತಾಳೆ. ಕೆಲವು ವರ್ಷ ಕಳೆದ ಮೇಲೆ ಪಾರ್ಶ್ವವಾಯುವೋ ಡಯಾಲಿಸಿಸ್ಸೋ ಬಂದು ನಿಂತಾಗ ಅದನ್ನು ಆ ‘ಸ್ಟಾಕ್ ಇಲ್ಲ’ದ ಲೆಕ್ಕಕ್ಕೆ ಬರೆಯುವವರು ಯಾರೂ ಇರುವುದಿಲ್ಲ.

ಅದಕ್ಕೇ ವಿಮೆ ಇದೆಯಲ್ಲ ಎನ್ನುವವರಿದ್ದಾರೆ. ವಿಮೆಯ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೇನಲ್ಲ. 2003ರಲ್ಲೇ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂತು, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಅದು ಆಯುಷ್ಮಾನ್ ಭಾರತದ ಜೊತೆ ಕೂಡಿಕೊಂಡಿತು. ಈ ಯೋಜನೆಗಳೆಲ್ಲ ದಂಡ ಎನ್ನುವುದು ಅನ್ಯಾಯ. ಉತ್ತರ ಕರ್ನಾಟಕದಲ್ಲಿ ಆರೋಗ್ಯಶ್ರೀ ಜಾರಿಯಾದ ಮತ್ತು ಆಗಿನ್ನೂ ಆಗಿರದ ಅಕ್ಕಪಕ್ಕದ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ, ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವುಗಳು ಶೇ 64ರಷ್ಟು ಕಡಿಮೆ ಎಂದು ಕಂಡುಕೊಂಡಿತು. ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಇಂಥವುಗಳಿಗೆ ಬಡವನಿಗೆ ದೊಡ್ಡಾಸ್ಪತ್ರೆಯ ಬಾಗಿಲು ತೆರೆಸಿದ್ದು ಇದೇ ಕಾರ್ಡು. ಅದರ ಮಿತಿ ಇರುವುದು ಅದರ ಸ್ವಭಾವದಲ್ಲೇ. ಆಯುಷ್ಮಾನ್ ಕಾರ್ಡು ಕೆಲಸ ಮಾಡುವುದು ದಾಖಲಾದ ಮೇಲೆ. ಬಿಡುಗಡೆಯಾದ ನಂತರದ ಹದಿನೈದು ದಿನಗಳ ಔಷಧ ಅದರಲ್ಲಿ ಸೇರಿದೆ, ಹದಿನಾರನೆಯ ದಿನದಿಂದ ರೋಗಿ ಮತ್ತೆ ತನ್ನ ಪಾಡಿಗೆ. ಹೊರರೋಗಿಯಾಗಿ ತಿಂಗಳು ತಿಂಗಳು ನುಂಗುವ ಮಾತ್ರೆಗೆ ಈ ಕಾರ್ಡು ಬಿಡಿಗಾಸನ್ನೂ ಕೊಡುವುದಿಲ್ಲ. ಕೆಲವು ಪೈಸೆಯ ಮಾತ್ರೆ ತಪ್ಪಿಸಿ, ಆಮೇಲೆ ಲಕ್ಷಗಟ್ಟಲೆ ಖರ್ಚಿನ ಚಿಕಿತ್ಸೆಗೆ ಸರ್ಕಾರವೇ ಹಣ ಕಟ್ಟುವ ಲೆಕ್ಕಾಚಾರವನ್ನು ಯಾವ ಹಣಕಾಸು ಇಲಾಖೆಯೂ ಕಾಗದದ ಮೇಲೆ ಒಪ್ಪಲಾರದು. ವ್ಯವಹಾರದಲ್ಲಿ ಮಾತ್ರ ಹಾಗೇ ನಡೆಯುತ್ತಿದೆ.

ಇದನ್ನು ಸರಿಪಡಿಸಲು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ ಎಂಬುದು ಸಮಾಧಾನದ ಸಂಗತಿ. ಪಕ್ಕದ ತಮಿಳುನಾಡು ಮೂವತ್ತು ವರ್ಷಗಳ ಹಿಂದೆಯೇ ಮಾಡಿ ತೋರಿಸಿದೆ. 1994ರಲ್ಲಿ ಅಲ್ಲಿ ತಮಿಳುನಾಡು ವೈದ್ಯಕೀಯ ಸೇವಾ ನಿಗಮ ಎಂಬ ಸರ್ಕಾರಿ ಕಂಪನಿ ನೋಂದಣಿಯಾಯಿತು, ಮರುವರ್ಷದ ಆರಂಭದಿಂದ ಔಷಧ ವಿತರಣೆ ಶುರುವಾಯಿತು. ಅದಕ್ಕೆ ಮೊದಲು ಔಷಧ ಖರೀದಿಯ ಹೊಣೆ ಬೇರೆ ಬೇರೆ ನಿರ್ದೇಶನಾಲಯಗಳಲ್ಲಿ ಹಂಚಿಹೋಗಿತ್ತು. ನಿಗಮ ಮೊದಲು ಮಾಡಿದ್ದು ಅಗತ್ಯ ಔಷಧಗಳ ಒಂದು ಚಿಕ್ಕ ಪಟ್ಟಿ. ಸಾವಿರಾರು ಬ್ರ್ಯಾಂಡುಗಳ ಬದಲು ಕೆಲವೇ ನೂರು ಜೆನೆರಿಕ್ ಹೆಸರುಗಳು. ಇಡೀ ರಾಜ್ಯದ ಬೇಡಿಕೆ ಒಂದೇ ಟೆಂಡರಿನಲ್ಲಿ ಬಂದಾಗ ಬೆಲೆ ತಾನಾಗಿ ಇಳಿಯಿತು. ಟೆಂಡರಿಗೆ ಎರಡು ಲಕೋಟೆ: ಮೊದಲನೆಯದರಲ್ಲಿ ಕಾರ್ಖಾನೆಯ ಯೋಗ್ಯತೆ, ಅದು ಪಾಸಾದರೆ ಮಾತ್ರ ಬೆಲೆಯ ಲಕೋಟೆ ತೆರೆಯುವುದು. ಬಂದ ಔಷಧ ಜಿಲ್ಲಾ ಉಗ್ರಾಣದಲ್ಲಿ ಕಾದು ಕೂರುತ್ತದೆ. ಪ್ರತಿ ಬ್ಯಾಚಿನ ಮಾದರಿ ಕಂಪನಿಯ ಹೆಸರಿಲ್ಲದೆ, ಬರೀ ಕೋಡ್ ಸಂಖ್ಯೆಯೊಂದಿಗೆ ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿ ಸರಿಬಂದ ಮೇಲಷ್ಟೇ ಅದು ಉಗ್ರಾಣದ ಬಾಗಿಲು ದಾಟುವುದು.

ಅಲ್ಲಿಯ ನಿಜವಾದ ಜಾಣ್ಮೆ ಇರುವುದು ಟೆಂಡರಿನಲ್ಲಲ್ಲ, ಪಾಸ್‌ಬುಕ್ಕಿನಲ್ಲಿ. ತಮಿಳುನಾಡಿನ ಪ್ರತಿ ಆಸ್ಪತ್ರೆಗೂ, ಪ್ರತಿ ಪಿಎಚ್‌ಸಿಗೂ ಉಗ್ರಾಣದಲ್ಲಿ ಒಂದು ಖಾತೆ ಇದೆ. ವರ್ಷಕ್ಕೆ ಇಷ್ಟು ರೂಪಾಯಿ ಮೌಲ್ಯದ ಔಷಧ ನಿಮ್ಮದು ಎಂದು ಬರೆದಿರುತ್ತದೆ. ಆಸ್ಪತ್ರೆ ತನಗೆ ಬೇಕಾದದ್ದನ್ನು, ಬೇಕಾದಾಗ, ಬೇಕಾದಷ್ಟು ಎತ್ತಿಕೊಳ್ಳಬಹುದು. ಅಷ್ಟು ಮೊತ್ತ ಪಾಸ್‌ಬುಕ್ಕಿನಿಂದ ಕಳೆಯುತ್ತದೆ. ತುರ್ತಿಗೆಂದು ಬಜೆಟ್ಟಿನ ಸಣ್ಣದೊಂದು ಪಾಲನ್ನು ಸ್ಥಳೀಯ ಖರೀದಿಗೆ ಬಿಟ್ಟಿರುತ್ತಾರೆ. ಇದರಿಂದ ಎರಡು ಬದಲಾವಣೆ ಆಯಿತು. ಮೇಲಿನವರು ಕಳಿಸಿದ್ದನ್ನು ಕೆಳಗಿನವರು ತೆಪ್ಪಗೆ ಇಳಿಸಿಕೊಳ್ಳುವ ಪದ್ಧತಿ ಹೋಯಿತು. ಬೇಡದ ಸಿರಪ್ಪಿನ ಡಬ್ಬಗಳು ಅವಧಿ ಮುಗಿದು ಕೊಳೆಯುವುದು, ಬೇಕಾದ ಮಾತ್ರೆ ಇಲ್ಲದಿರುವುದು ಎರಡೂ ಒಟ್ಟಿಗೆ ನಡೆಯುವುದು ಅಲ್ಲಿಗೆ ಕಡಿಮೆಯಾಯಿತು. ಎರಡನೆಯದು, ಔಷಧ ಎಂಬುದು ಇಲಾಖೆಯ ಕೃಪೆಯಿಂದ ಇಳಿದು ಆ ಆಸ್ಪತ್ರೆಯ ಹಕ್ಕಿನ ಬಾಬತ್ತಾಯಿತು. ನಮ್ಮಲ್ಲಿ ಪಡಿತರ ಚೀಟಿಯ ಕುಟುಂಬಕ್ಕೆ ತಿಂಗಳಿಗೆ ತಲೆಗೆಷ್ಟು ಕಿಲೋ ಅಕ್ಕಿ ಎಂದು ಗೊತ್ತು, ಒಂದು ತಿಂಗಳು ತಪ್ಪಿದರೆ ನ್ಯಾಯಬೆಲೆ ಅಂಗಡಿಯ ಮುಂದೆ ಗಲಾಟೆಯಾಗುತ್ತದೆ, ಶಾಸಕರಿಗೆ ಫೋನು ಹೋಗುತ್ತದೆ. ಮಾತ್ರೆ ತಪ್ಪಿದರೆ ಯಾರೂ ಕೇಳುವುದಿಲ್ಲ, ಏಕೆಂದರೆ ತನಗೆಷ್ಟು ಬರಬೇಕಿತ್ತು ಎಂಬುದು ರೋಗಿಗೂ ಗೊತ್ತಿಲ್ಲ, ಎಷ್ಟೋ ಸಲ ವೈದ್ಯಾಧಿಕಾರಿಗೂ ಗೊತ್ತಿಲ್ಲ.

ತಮಿಳುನಾಡು ಬಿಡಿ, ಅದು ಮೊದಲಿಂದಲೂ ಮುಂದೆ, 1939ರಲ್ಲೇ ಸಾರ್ವಜನಿಕ ಆರೋಗ್ಯ ಕಾಯ್ದೆ ಕಂಡ ನಾಡು ಎನ್ನುವವರು ರಾಜಸ್ಥಾನವನ್ನು ನೋಡಬಹುದು. ಆರೋಗ್ಯದ ಸೂಚ್ಯಂಕಗಳಲ್ಲಿ ಕರ್ನಾಟಕಕ್ಕಿಂತ ಬಹಳ ಹಿಂದಿದ್ದ, ಬಡತನ ಹೆಚ್ಚಿದ್ದ, ಮರುಭೂಮಿಯಲ್ಲಿ ಚದುರಿದ ಊರುಗಳ ರಾಜ್ಯ. 2011ರ ಅಕ್ಟೋಬರ್ 2ರಂದು ಅಲ್ಲಿ ಮುಖ್ಯಮಂತ್ರಿ ಉಚಿತ ಔಷಧ ಯೋಜನೆ ಶುರುವಾಯಿತು. ತಮಿಳುನಾಡಿನ ಮಾದರಿಯಲ್ಲೇ ನಿಗಮ, ಉಗ್ರಾಣ, ಪರೀಕ್ಷೆ. ಜೆನೆರಿಕ್ ಹೆಸರಲ್ಲೇ ಬರೆಯಬೇಕು ಎಂದು ಸರ್ಕಾರಿ ವೈದ್ಯರಿಗೆ ತಾಕೀತಾಯಿತು, ಆಸ್ಪತ್ರೆಗಳಲ್ಲಿ ಔಷಧ ವಿತರಣೆಯ ಕಿಟಕಿಗಳ ಸಂಖ್ಯೆ ಹೆಚ್ಚಿತು. ಆಮೇಲೆ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ಸಾಲುಗಳು ಉದ್ದವಾದವು. ಹೊಸ ಕಟ್ಟಡ ಎದ್ದಿರಲಿಲ್ಲ, ಹೊಸ ವೈದ್ಯರ ದಂಡೇನೂ ಬಂದಿರಲಿಲ್ಲ. ಔಷಧ ಸಿಗುತ್ತದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹರಡಿತ್ತು, ಅಷ್ಟೆ. ಆ ಯೋಜನೆಯಲ್ಲಿ ಲೋಪಗಳಿಲ್ಲವೆಂದಲ್ಲ, ಅಲ್ಲಿಯೂ ಕೊರತೆಯ ದೂರುಗಳು ಬರುತ್ತವೆ. ಆದರೆ ಮುಂದೆ ಬಂದ ಬೇರೆ ಪಕ್ಷದ ಸರ್ಕಾರಕ್ಕೂ ಅದನ್ನು ನಿಲ್ಲಿಸುವ ಧೈರ್ಯವಾಗಲಿಲ್ಲ. ಜನಕ್ಕೆ ರುಚಿ ಹತ್ತಿದ ಹಕ್ಕನ್ನು ಕಿತ್ತುಕೊಳ್ಳುವುದು ಕಷ್ಟ ಎಂಬುದು ಇಲ್ಲಿ ಒಳ್ಳೆಯದಕ್ಕೇ ಆಯಿತು.

ಹಾಗಾದರೆ ಕರ್ನಾಟಕಕ್ಕೆ ಏನಾಗಿದೆ? ನಮ್ಮಲ್ಲೂ ನಿಗಮವಿದೆ. ಎರಡು ಸಾವಿರದ ದಶಕದ ಆರಂಭದಲ್ಲಿ ಔಷಧ ಸರಬರಾಜು ಮತ್ತು ಉಗ್ರಾಣಕ್ಕೆಂದೇ ಒಂದು ಸೊಸೈಟಿಯಾಗಿ ಶುರುವಾದದ್ದು ಈಗ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಜಿಲ್ಲಾ ಉಗ್ರಾಣಗಳಿವೆ, ಅಗತ್ಯ ಔಷಧಗಳ ಪಟ್ಟಿಯಿದೆ, ಕಂಪ್ಯೂಟರಿನಲ್ಲಿ ದಾಸ್ತಾನಿನ ಲೆಕ್ಕವಿದೆ. ಹೊರಗಿನ ಆಕಾರವೆಲ್ಲ ತಮಿಳುನಾಡಿನದೇ. ಒಳಗಿನ ಚಲನೆ ಮಾತ್ರ ಇಲಾಖೆಯದು. ಇಂಡೆಂಟ್, ಅಂದರೆ ಬೇಕಾದ ಔಷಧಗಳ ಬೇಡಿಕೆ, ವರ್ಷಕ್ಕೊಮ್ಮೆ ಹೋಗುತ್ತದೆ. ಟೆಂಡರ್ ಕರೆಯುವುದು ತಡವಾಗುತ್ತದೆ, ಕರೆದರೆ ಬಿಡ್ ಹಾಕುವವರು ಸಾಲುವುದಿಲ್ಲ, ಮರುಟೆಂಡರ್ ಆಗುವ ಹೊತ್ತಿಗೆ ಹಳೆಯ ದಾಸ್ತಾನು ಮುಗಿದಿರುತ್ತದೆ. ಬಿಡ್ ಹಾಕುವವರು ಏಕೆ ಕಡಿಮೆ ಎಂದರೆ ಬಿಲ್ ಪಾಸಾಗುವುದು ಯಾವಾಗ ಎಂದು ಅವರಿಗೆ ಖಾತ್ರಿಯಿಲ್ಲ. ಸಕಾಲಕ್ಕೆ ಹಣ ಬರದು ಎಂದು ಗೊತ್ತಿದ್ದರೆ ಒಳ್ಳೆಯ ಕಂಪನಿ ದೂರ ಉಳಿಯುತ್ತದೆ. ಉಳಿಯುವವರು ಬೆಲೆಯಲ್ಲೋ ಗುಣಮಟ್ಟದಲ್ಲೋ ಆ ಕಾಯುವಿಕೆಯ ಬಡ್ಡಿ ವಸೂಲಿ ಮಾಡಿಕೊಳ್ಳುತ್ತಾರೆ. ಇತ್ತ ಪಿಎಚ್‌ಸಿಯಲ್ಲಿ ಔಷಧ ಮುಗಿದಾಗ ಆರೋಗ್ಯ ರಕ್ಷಾ ಸಮಿತಿಯ ಚೂರುಪಾರು ಹಣದಲ್ಲಿ ಸ್ಥಳೀಯವಾಗಿ ಕೊಳ್ಳಿ ಎನ್ನುತ್ತಾರೆ. ಬಿಡಿಯಾಗಿ ಕೊಂಡ ಮಾತ್ರೆಗೆ ಬೆಲೆ ಹೆಚ್ಚು, ಪರೀಕ್ಷೆ ಸೊನ್ನೆ.

ಇಂಥ ವ್ಯವಸ್ಥೆ ಬರೀ ಕೊರತೆಯನ್ನಷ್ಟೇ ಹುಟ್ಟಿಸುವುದಿಲ್ಲ ಎಂದು ಬಳ್ಳಾರಿ ತೋರಿಸಿತು. 2024ರ ನವೆಂಬರ್‌ನಲ್ಲಿ ಅಲ್ಲಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದನ್ನು ತಯಾರಿಸಿದ್ದು ಪಶ್ಚಿಮ ಬಂಗಾಳದ ಕಂಪನಿ, ತರಿಸಿದ್ದು ನಮ್ಮ ನಿಗಮ. ಆ ಕಂಪನಿಯ ದ್ರಾವಣದ ಬಗ್ಗೆ ಮೊದಲೇ ತಕರಾರು ಎದ್ದು ಬಳಕೆ ತಡೆಹಿಡಿದದ್ದೂ ಉಂಟು. ರಾಜ್ಯದ ಪರೀಕ್ಷೆ ಒಂದು ಹೇಳಿದರೆ ಕೇಂದ್ರದ ಪ್ರಯೋಗಾಲಯ ಇನ್ನೊಂದು ಹೇಳಿತು, ಆ ವರದಿಯ ಬಲದ ಮೇಲೆ ಕೆಲವು ಬ್ಯಾಚುಗಳಿಗೆ ಮತ್ತೆ ದಾರಿಯಾಯಿತು. ಸಾವುಗಳಾದ ಮೇಲೆ ಕಂಪನಿ ಕಪ್ಪುಪಟ್ಟಿಗೆ ಹೋಯಿತು, ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು. ಈ ಕ್ರಮಗಳು ಬೇಕಿತ್ತು. ಆದರೆ ಎರಡು ಪ್ರಯೋಗಾಲಯಗಳು ಬೇರೆ ಬೇರೆ ಹೇಳಿದಾಗ ಸಂಶಯದ ಲಾಭ ಯಾರಿಗೆ ಎಂಬ ಪ್ರಶ್ನೆಗೆ ಅವು ಉತ್ತರವಾಗಲಿಲ್ಲ. ಕೋರ್ಟಿನಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ. ರಕ್ತನಾಳಕ್ಕೆ ನೇರ ಹೋಗುವ ದ್ರಾವಣದ ವಿಷಯದಲ್ಲಿ ಅದು ರೋಗಿಗೇ ಸಲ್ಲಬೇಕು. ತಕರಾರಿನ ಬ್ಯಾಚು ಇತ್ಯರ್ಥವಾಗುವವರೆಗೆ ಉಗ್ರಾಣದಲ್ಲೇ ಉಳಿಯುವುದು, ಅಷ್ಟರಲ್ಲಿ ಬೇರೆ ಕಡೆಯಿಂದ ತರಿಸಿಕೊಳ್ಳುವ ಒಪ್ಪಂದ ಕೈಯಲ್ಲಿರುವುದು, ಇವೆರಡಕ್ಕೂ ಬೇಕಾದದ್ದು ಮುಂಗಡ ದಾಸ್ತಾನು. ದಾಸ್ತಾನು ತಳ ಕಂಡಿರುವಾಗ ಸಂಶಯಪಡುವ ಸ್ವಾತಂತ್ರ್ಯವೂ ಇರುವುದಿಲ್ಲ.

ಔಷಧ ಇದ್ದರೆ ಸಾಕೇ, ಬರೆದುಕೊಡಲು ವೈದ್ಯರೇ ಇಲ್ಲವಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ತಜ್ಞರ ಹುದ್ದೆಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಖಾಲಿ ಇರುವುದು, ಕಲ್ಯಾಣ ಕರ್ನಾಟಕದ ಕಡೆ ಹೋಗಲು ವೈದ್ಯರು ಹಿಂಜರಿಯುವುದು ಹೊಸ ಸುದ್ದಿಯಲ್ಲ. 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಗೆ ಕಾಯ್ದೆಯನ್ನೇ ತಂದರೂ ಅದು ಕೋರ್ಟು, ತಿದ್ದುಪಡಿಗಳ ನಡುವೆ ಏಗಿಕೊಂಡೇ ಬಂತು. ಒತ್ತಾಯದಿಂದ ವೈದ್ಯರು ಊರಿಗೆ ಬರಬಹುದು, ನಿಲ್ಲುವುದಿಲ್ಲ. ನಿಲ್ಲದಿರಲು ಸಂಬಳ, ಮಕ್ಕಳ ಶಾಲೆ, ವಸತಿಗೃಹ ಹೀಗೆ ಹಲವು ಕಾರಣಗಳಿವೆ. ಕಲಿತ ವಿದ್ಯೆಯನ್ನು ಬಳಸಲು ಸಾಮಾನೇ ಇಲ್ಲ ಎಂಬುದು ಅವುಗಳಲ್ಲೊಂದು, ನಾವು ಕಡಿಮೆ ಮಾತಾಡುವ ಕಾರಣ. ದಿನವಿಡೀ ‘ಹೊರಗಡೆ ತಗೊಳ್ಳಿ’ ಎಂದು ಚೀಟಿ ಬರೆಯುತ್ತ, ಬಡವರ ಸಿಟ್ಟನ್ನು ನೇರಾನೇರ ಎದುರಿಸುತ್ತ ಕೂರುವುದಕ್ಕೆ ಯಾವ ಯುವ ವೈದ್ಯೆಗೂ ಮನಸ್ಸು ಬಾರದು. ಇನ್ನು ವೈದ್ಯರ ಕೊರತೆಯ ನಡುವೆಯೇ ಔಷಧವನ್ನು ಮೊದಲು ತಲುಪಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆಯಿದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಹೃದ್ರೋಗ ತಜ್ಞರನ್ನು ಕಳಿಸಲಿಲ್ಲ, ಕಳಿಸಲು ಅಷ್ಟು ಜನ ಇರಲೂ ಇಲ್ಲ. ಎದೆನೋವೆಂದು ಬಂದವರ ಇಸಿಜಿ ಅಲ್ಲೇ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ, ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲಿಯೇ ಪುಕ್ಕಟೆಯಾಗಿ ಕೊಡುತ್ತಾರೆ, ಆಮೇಲೆ ಜಯದೇವದಂಥ ದೊಡ್ಡಾಸ್ಪತ್ರೆಗೆ ರವಾನೆ. ಅಂಗಡಿಯಲ್ಲಿ ಹಲವು ಸಾವಿರ ರೂಪಾಯಿ ಬೆಲೆಬಾಳುವ ಆ ಸೀಸೆ ತಾಲ್ಲೂಕಿನ ಫ್ರಿಜ್ಜಿನಲ್ಲಿ ಇಲ್ಲದಿದ್ದರೆ ಇಡೀ ಯೋಜನೆಯಿಂದ ಉಳಿಯುತ್ತಿದ್ದದ್ದು ಒಂದು ಒಳ್ಳೆಯ ಇಸಿಜಿ ವರದಿ ಮಾತ್ರ.

ಖರೀದಿ ಕೇಂದ್ರೀಕೃತವಾದಷ್ಟೂ ತಿನ್ನುವವರಿಗೆ ಅನುಕೂಲ ಎಂಬ ಅಳುಕು ಇನ್ನೊಂದು. ಅದೂ ಸುಳ್ಳಲ್ಲ. ಎಸ್.ಎಂ. ಕೃಷ್ಣ ಸರ್ಕಾರ ನೇಮಿಸಿದ್ದ, ಡಾ. ಎಚ್. ಸುದರ್ಶನ್ ನೇತೃತ್ವದ ಆರೋಗ್ಯ ಕಾರ್ಯಪಡೆ 2001ರಲ್ಲಿ ವರದಿ ಕೊಟ್ಟಾಗ ಇಲಾಖೆಯ ರೋಗಗಳಲ್ಲಿ ಭ್ರಷ್ಟಾಚಾರವನ್ನು ಮುಚ್ಚುಮರೆಯಿಲ್ಲದೆ ಹೆಸರಿಸಿತ್ತು. ಕಾಲು ಶತಮಾನದ ಹಿಂದಿನ ಆ ವರದಿ ಈಗ ಓದಿದರೂ ಹಳತೆನಿಸುವುದಿಲ್ಲ ಎಂಬುದು ಅದನ್ನು ಬರೆದವರಿಗೆ ಹೆಮ್ಮೆಯ ವಿಷಯವಾಗಲಾರದು. ಆದರೆ ಖರೀದಿಯನ್ನು ಚೂರು ಮಾಡಿದರೆ ಲಂಚ ನಿಲ್ಲುವುದಿಲ್ಲ, ಅದರ ಬಾಗಿಲುಗಳು ಹೆಚ್ಚುತ್ತವೆ, ಕಾವಲು ಕಷ್ಟವಾಗುತ್ತದೆ. ಒಂದೇ ಬಾಗಿಲಿದ್ದರೆ ಅದಕ್ಕೆ ಗಾಜು ಹಾಕಬಹುದು. ಯಾವ ಕಂಪನಿಗೆ ಯಾವ ದರಕ್ಕೆ ಟೆಂಡರ್ ಆಯಿತು, ಯಾವ ಬ್ಯಾಚು ಯಾವ ಪರೀಕ್ಷೆಯಲ್ಲಿ ಏನಾಯಿತು, ಯಾವ ಬಿಲ್ ಎಷ್ಟು ದಿನದಿಂದ ಬಾಕಿ ಇದೆ ಎಂಬುದೆಲ್ಲ ಜಾಲತಾಣದಲ್ಲಿ ತೆರೆದಿಟ್ಟರೆ ಪತ್ರಕರ್ತರು, ಸೋತ ಬಿಡ್ಡುದಾರರು, ಪಕ್ಕದ ರಾಜ್ಯದ ದರ ಬಲ್ಲವರು ಸಂಬಳವಿಲ್ಲದೆ ಕಾವಲು ಕಾಯುತ್ತಾರೆ. ಜೊತೆಗೆ ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ ಒಂದೆರಡು ಟೆಂಡರ್ ಚಕ್ರ ಮುಗಿಸುವಷ್ಟಾದರೂ ಅವಧಿ ಬೇಕು. ಕುರ್ಚಿಯ ಶಾಖ ತಾಗುವ ಮುನ್ನವೇ ವರ್ಗವಾಗುವ ಅಧಿಕಾರಿ ಹಿಂದಿನವರ ಕಡತದ ಮೇಲೆ ಸಹಿ ಹಾಕಲು ಹೆದರುತ್ತಾರೆ, ಆ ಹೆದರಿಕೆಯೇ ವಿಳಂಬದ ಇನ್ನೊಂದು ಹೆಸರು.

ದುಡ್ಡೆಲ್ಲಿ ಎನ್ನುವ ಪ್ರಶ್ನೆಗೆ ಉದ್ದದ ಉತ್ತರ ಬೇಕಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವ ಮಾತು ಕೊಟ್ಟಿತ್ತು, ಅದರಲ್ಲಿ ಮೂರನೇ ಎರಡು ಪಾಲು ಪ್ರಾಥಮಿಕ ಆರೈಕೆಗೆ ಎಂದಿತ್ತು. 2021-22ರಲ್ಲಿ ದೇಶ ಮುಟ್ಟಿದ್ದು ಶೇ 1.84. ಹಣ ಹೆಚ್ಚಬೇಕು, ಅನುಮಾನವಿಲ್ಲ. ಆದರೆ ಆರೋಗ್ಯದ ಖರ್ಚುಗಳಲ್ಲಿ ಅಗತ್ಯ ಔಷಧಕ್ಕಿಂತ ಅಗ್ಗದ್ದು ಬೇರೆ ಇಲ್ಲ. ಬಿಪಿಗೆ ಕೊಡುವ ಅಮ್ಲೋಡಿಪಿನ್ ಮಾತ್ರೆ ಸರ್ಕಾರಿ ಸಗಟು ಖರೀದಿಯಲ್ಲಿ ಒಂದು ರೂಪಾಯಿಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಹೊಸ ಸೂಪರ್ ಸ್ಪೆಷಾಲಿಟಿ ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲಿದೆ, ಅದರ ಮೇಲೆ ಹೆಸರುಗಳಿಗೆ ಜಾಗವಿದೆ. ಮಾತ್ರೆಯ ಪಟ್ಟಿಯ ಮೇಲೆ ಸಚಿವರ ಹೆಸರು ಕೆತ್ತಿಸಲು ಬರುವುದಿಲ್ಲ, ಇಲ್ಲಿನ ಅಡ್ಡಿ ಹಣಕ್ಕಿಂತ ಅದೇ ಇರಬಹುದು.

ಸರ್ಕಾರಿ ಮಾತ್ರೆ ಕೆಲಸ ಮಾಡುವುದಿಲ್ಲ ಎಂಬ ನಂಬಿಕೆ ಮಾತ್ರ ಹಗುರಾಗಿ ತಳ್ಳಿಹಾಕುವಂಥದ್ದಲ್ಲ, ಬಳ್ಳಾರಿಯ ನಂತರವಂತೂ ಅಲ್ಲ. ವೈದ್ಯರೆಲ್ಲ ಜೆನೆರಿಕ್ ಹೆಸರನ್ನೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದು, ವೈದ್ಯರ ಸಂಘಟನೆಗಳು ಗುಣಮಟ್ಟಕ್ಕೆ ಹೊಣೆ ಯಾರೆಂದು ಕೇಳಿದಾಗ ಅದೇ ತಿಂಗಳು ಅಮಾನತಿನಲ್ಲಿಟ್ಟಿತು. ಕೇಳಿದವರಲ್ಲಿ ಬ್ರ್ಯಾಂಡ್ ಕಂಪನಿಗಳ ಋಣದಲ್ಲಿದ್ದವರೂ ಇದ್ದಿರಬಹುದು, ಪ್ರಶ್ನೆ ಅದರಿಂದ ತಪ್ಪಾಗುವುದಿಲ್ಲ. ಇದಕ್ಕೆ ಭಾಷಣದ ಉತ್ತರ ನಡೆಯದು. ಪ್ರತಿ ಬ್ಯಾಚಿನ ಪರೀಕ್ಷಾ ವರದಿ ಪಿಎಚ್‌ಸಿಯ ವೈದ್ಯರ ಮೊಬೈಲಿನಲ್ಲಿ ಕಾಣುವಂತಾದರೆ, ಫೇಲಾದದ್ದೂ ಪಾಸಾದದ್ದರಷ್ಟೇ ಸಲೀಸಾಗಿ ಕಾಣುವಂತಾದರೆ ಅವರೇ ರೋಗಿಗೆ ಧೈರ್ಯ ಹೇಳುತ್ತಾರೆ. ಜನೌಷಧಿ ಕೇಂದ್ರಗಳ ವಿಷಯದಲ್ಲೂ ನನ್ನ ನಿಲುವು ಇದಕ್ಕೇ ಕಟ್ಟಿಕೊಂಡಿದೆ. ಸರ್ಕಾರದ ತತ್ತ್ವ ಸರಿ, ಅನುಕ್ರಮ ತಲೆಕೆಳಗು. ಒಂದು ಆಸ್ಪತ್ರೆಯ ಅಗತ್ಯ ಔಷಧಗಳು ಸತತವಾಗಿ ಒಂದು ವರ್ಷ ಕೊರತೆಯಿಲ್ಲದೆ ಸಿಕ್ಕಿದ ಮೇಲೆ ಅಲ್ಲಿನ ಜನೌಷಧಿ ಕೇಂದ್ರವನ್ನು ಮುಚ್ಚಲಿ, ಯಾರೂ ಕೇಳುವುದಿಲ್ಲ.

ಈ ಅನುಕ್ರಮದ ಪ್ರಶ್ನೆ ಈಗ ಇನ್ನೂ ತುರ್ತಾಗಿರುವುದು ಗೃಹ ಆರೋಗ್ಯ ಯೋಜನೆಯಿಂದಾಗಿ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ಮರುವರ್ಷ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದ ಈ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರೂ ಸಮುದಾಯ ಆರೋಗ್ಯಾಧಿಕಾರಿಗಳೂ ಮನೆಮನೆಗೆ ಹೋಗಿ ಬಿಪಿ, ಶುಗರ್, ಕೆಲವು ಬಗೆಯ ಕ್ಯಾನ್ಸರ್‌ಗಳ ತಪಾಸಣೆ ಮಾಡುತ್ತಾರೆ, ಕಾಯಿಲೆ ಇದ್ದವರಿಗೆ ಔಷಧವನ್ನೂ ಮುಟ್ಟಿಸಬೇಕು. ಯೋಚನೆ ಒಳ್ಳೆಯದು, ಇಂಥದ್ದು ಎಂದೋ ಆಗಬೇಕಿತ್ತು. ಆದರೆ ತಪಾಸಣೆ ಎಂಬುದು ಹೊಸ ರೋಗಿಗಳನ್ನು ಪತ್ತೆಹಚ್ಚುವ ಕೆಲಸ, ಪತ್ತೆಯಾದ ಪ್ರತಿಯೊಬ್ಬರೂ ಬದುಕಿರುವಷ್ಟು ಕಾಲ ತಿಂಗಳಿಗೆ ಮೂವತ್ತು ಮಾತ್ರೆಯ ಬಾಕಿದಾರರು. ಕಳೆದ ವರ್ಷದ ಬಳಕೆಯ ಮೇಲೆ ಶೇಕಡಾ ಇಷ್ಟೆಂದು ಸೇರಿಸಿ ಇಂಡೆಂಟ್ ಕಳಿಸುವ ಹಳೆಯ ಪದ್ಧತಿಗೆ ಈ ಹೆಚ್ಚಳ ಕಾಣುವುದೇ ಇಲ್ಲ. ಹಾಗಾಗಿ ತಪಾಸಣೆಯ ಪಟ್ಟಿಯನ್ನೇ ಇಂಡೆಂಟಿಗೆ ಜೋಡಿಸಬೇಕು: ಈ ಪಿಎಚ್‌ಸಿಯ ವ್ಯಾಪ್ತಿಯಲ್ಲಿ ಇಷ್ಟು ಜನ ಬಿಪಿಯವರು, ಆದ್ದರಿಂದ ಮೂರು ತಿಂಗಳಿಗೆ ಇಷ್ಟು ಮಾತ್ರೆ ಇದರ ಖಾತೆಯಲ್ಲಿ ಇರತಕ್ಕದ್ದು. ದಾಸ್ತಾನಿನ ಲೆಕ್ಕ ಕಂಪ್ಯೂಟರಿನಲ್ಲಿ ಇರುವುದರಿಂದ ಯಾವ ಪಿಎಚ್‌ಸಿಯಲ್ಲಿ ಯಾವ ಮಾತ್ರೆ ವರ್ಷಕ್ಕೆ ಎಷ್ಟು ದಿನ ಇರಲಿಲ್ಲ ಎಂಬುದನ್ನು ತೆಗೆಯಲು ಹೊಸ ಸಮಿತಿಯೂ ಬೇಕಿಲ್ಲ. ಆರೋಗ್ಯ ಇಲಾಖೆಯ ಬೇಡಿಕೆ ಸದನದ ಮುಂದೆ ಬಂದಾಗ ಹೊಸ ಕಟ್ಟಡಗಳ ಪಟ್ಟಿಯ ಜೊತೆಗೆ ಆ ಪಟ್ಟಿಯನ್ನೂ ಜಿಲ್ಲಾವಾರು ಮಂಡಿಸಿ ಎಂದು ಕೇಳಲು ಒಬ್ಬ ಶಾಸಕ ಸಾಕು, ಅವರು ಆಡಳಿತ ಪಕ್ಷದವರಾದರೂ ಆದೀತು.